ಮೂರು ಮಂತ್ರವಾದಿಗಳು, ಒಂದೇ ಬೆಂಕಿಯುಂಡೆ: 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್

ತಾಳಮದ್ದಳೆಯಲ್ಲಿ ವೇಷವಿಲ್ಲ. ಯಕ್ಷಗಾನದ ಆಟದಲ್ಲಾದರೆ ಚುಟ್ಟಿಯಿಟ್ಟ ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸಿದೊಡನೆ ನಿದ್ದೆಗಣ್ಣಿನ ಮಗುವಿಗೂ ರಕ್ಕಸ ಬಂದನೆಂದು ತಿಳಿಯುತ್ತದೆ. ಶಾಲು ಹೊದ್ದು ಕುಳಿತ ಅರ್ಥಧಾರಿಗೆ ಆ ಸೌಕರ್ಯವಿಲ್ಲ. ಅವನು ಏನನ್ನು ಹಿಡಿಯುತ್ತಾನೆ, ಎಲ್ಲಿ ಹಿಂಜರಿಯುತ್ತಾನೆ ಎಂಬುದರಿಂದಲೇ ಕುಳಿತವನು ಕರ್ಣನೋ ಶಲ್ಯನೋ ಎಂದು ಗೊತ್ತಾಗಬೇಕು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕತೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2024ರ ನಿಯಮಪುಸ್ತಕವಾದ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿರುವ ಮಂತ್ರವಾದಿಗಳನ್ನು ನಾನು ಇದೇ ಒರೆಗೆ ಹಚ್ಚಿ ನೋಡಿದ್ದೇನೆ: ಹೆಸರನ್ನೂ ಚಿತ್ರವನ್ನೂ ಮುಚ್ಚಿಟ್ಟರೆ, ಮೇಜಿನ ಸುತ್ತ ಕುಳಿತವರಿಗೆ ಇವನು ಯಾವ ಬಗೆಯ ಮಂತ್ರವಾದಿಯೆಂದು ತಿಳಿಯುತ್ತದೆಯೇ?

ನೀರ್ಚಾಲಿನ ನಮ್ಮ ಮನೆಯ ಜಗಲಿಯಲ್ಲಿ ಭಾನುವಾರದ ಮಧ್ಯಾಹ್ನಗಳಲ್ಲಿ ನಾವು ಐದು ಮಂದಿ ಈ ಆಟಕ್ಕೆ ಕೂರುತ್ತೇವೆ. ಕತೆಯನ್ನು ನಡೆಸುವವನಿಗೆ ಪುಸ್ತಕದಲ್ಲಿ ಬೇರೆ ಹೆಸರಿದ್ದರೂ ನಮ್ಮಲ್ಲಿ ಅವನು ಭಾಗವತ, ಮತ್ತು ಆ ಕೆಲಸ ಹೆಚ್ಚಾಗಿ ನನ್ನ ಪಾಲಿಗೆ ಬರುತ್ತದೆ. ಪುಸ್ತಕ 384 ಪುಟಗಳದ್ದು. ಹನ್ನೆರಡು ಕ್ಲಾಸ್‌ಗಳು, ಅಂದರೆ ಪಾತ್ರದ ಬಗೆಗಳು, ಒಂದೊಂದಕ್ಕೂ ನಾಲ್ಕು ಕವಲುಗಳಂತೆ ಒಟ್ಟು 48. ಮುಖಬೆಲೆ 49.99 ಡಾಲರ್. ತರಿಸಿಕೊಂಡ ಪ್ರತಿಯ ಒಂದು ಮೂಲೆ ಮಡಚಿಹೋಗಿತ್ತು, ಮಾರಿದವರು ತೆಳ್ಳಗಿನ ಕವರಿನಲ್ಲಿ ಕಳಿಸಿದ್ದರು. ಆದರೆ ಅದು ಪುಸ್ತಕದ ತಪ್ಪಲ್ಲ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ ಇದ್ದ ಕ್ಲಾಸ್‌ಗಳು ಮೂರೇ: ಕಾದುವವನು, ಮಂತ್ರ ಬಳಸುವವನು, ದೇವರ ಬಲ ಪಡೆದ ಕ್ಲೆರಿಕ್. ಮಂತ್ರ ಬಳಸುವವನು ಬೆಳಗ್ಗೆ ಮಂತ್ರವನ್ನು ಬಾಯಿಪಾಠ ಮಾಡಿಕೊಳ್ಳಬೇಕು, ಒಮ್ಮೆ ಪ್ರಯೋಗಿಸಿದರೆ ಅದು ನೆನಪಿನಿಂದಲೇ ಅಳಿಸಿಹೋಗುತ್ತದೆ. ಈ ಕಲ್ಪನೆ ಅಮೆರಿಕದ ಲೇಖಕ ಜ್ಯಾಕ್ ವಾನ್ಸ್ ಅವರ ಕತೆಗಳಿಂದ ಬಂದದ್ದು. 2000ದ ಮೂರನೆಯ ಆವೃತ್ತಿಯಲ್ಲಿ ಹುಟ್ಟಿನಿಂದಲೇ ಮಂತ್ರಶಕ್ತಿಯುಳ್ಳ ಸಾರ್ಸರರ್ ಮುಖ್ಯ ಪುಸ್ತಕಕ್ಕೆ ಬಂದ. ವಿಝರ್ಡ್ (ಹಳೆಯ ‘ಮಂತ್ರ ಬಳಸುವವನ’ ಈಗಿನ ಹೆಸರು) ಯಾವ ಮಂತ್ರವನ್ನು ಎಷ್ಟು ಸಲ ಹೇಳುವೆನೆಂದು ಬೆಳಗ್ಗೆಯೇ ಲೆಕ್ಕ ಹಾಕಿಡಬೇಕಾಗಿದ್ದರೆ, ಸಾರ್ಸರರ್‌ಗೆ ಗೊತ್ತಿದ್ದ ಮಂತ್ರಗಳು ಕೆಲವೇ ಆದರೂ ಅವುಗಳಲ್ಲಿ ಯಾವುದನ್ನು ಬೇಕಾದರೂ ಆ ಕ್ಷಣದಲ್ಲಿ ಆರಿಸಿಕೊಳ್ಳುವ ಸ್ವಾತಂತ್ರ್ಯವಿತ್ತು. ಇವರಿಬ್ಬರನ್ನು ಬೇರೆ ಮಾಡಿದ್ದು ಈ ಒಂದೇ ವ್ಯತ್ಯಾಸ, ಮತ್ತು ಅದು ಸಾಕಾಗುವಷ್ಟು ದೊಡ್ಡದಿತ್ತು. 2014ರ ಐದನೆಯ ಆವೃತ್ತಿ ಆ ಸ್ವಾತಂತ್ರ್ಯವನ್ನು ವಿಝರ್ಡ್‌ಗೂ ಕೊಟ್ಟುಬಿಟ್ಟಿತು. ಹೊಸ ಪುಸ್ತಕದ ತೊಡಕು ಇಲ್ಲಿಂದಲೇ ಹುಟ್ಟುತ್ತದೆ.

ಕಳೆದ ಬಾರಿ ನಾನು ಕತೆಯನ್ನು ನಮ್ಮೂರ ನೀರಿನ ಸುರಂಗವೊಂದರಲ್ಲಿ ಇಟ್ಟಿದ್ದೆ. ಮುರಕಲ್ಲಿನ ಗುಡ್ಡಕ್ಕೆ ಕೊರೆದ, ಒಬ್ಬನೇ ಬಗ್ಗಿ ಹೋಗುವಷ್ಟು ಇಕ್ಕಟ್ಟಿನ ಸುರಂಗದ ಕೊನೆಯಲ್ಲಿ ಒಂದು ಕೋಣೆ, ಅದರಲ್ಲಿ ಹನ್ನೆರಡು ಅಸ್ಥಿಪಂಜರಗಳು. ತಂಡದಲ್ಲಿ ಆರನೆಯ ಹಂತದ (ಆಡುತ್ತ ಪಾತ್ರ ಏರುವ ಇಪ್ಪತ್ತು ಮೆಟ್ಟಿಲುಗಳಲ್ಲಿ ಆರನೆಯದು) ವಿಝರ್ಡ್, ಸಾರ್ಸರರ್, ಜೊತೆಗೆ ಕರಾರಿನಿಂದ ಶಕ್ತಿ ಪಡೆದ ವಾರ್ಲಾಕ್ ಇದ್ದರು, ಮೂವರ ಬಳಿಯೂ ಫೈರ್‌ಬಾಲ್ ಇತ್ತು: ಮೂರನೆಯ ದರ್ಜೆಯ ಮಂತ್ರ, 20 ಅಡಿ ತ್ರಿಜ್ಯದ ಬೆಂಕಿಯುಂಡೆ, ಹಾನಿಯ ಲೆಕ್ಕಕ್ಕೆ ಆರು ಮುಖದ ಎಂಟು ದಾಳ. ಅಷ್ಟು ಚಿಕ್ಕ ಜಾಗದಲ್ಲಿ ಅದನ್ನು ಸಿಡಿಸಿದರೆ ಮುಂದೆ ನುಗ್ಗಿದ ಸ್ವಂತ ಜನವೂ ಸುಟ್ಟುಹೋಗಬೇಕು. ವಿಝರ್ಡ್ ಎವೋಕರ್ ಕವಲಿನವನಾದ್ದರಿಂದ ಆರನೆಯ ಹಂತದಲ್ಲಿ ಸಿಗುವ ಶಕ್ತಿಯಿಂದ ಗೆಳೆಯರನ್ನು ಬೆಂಕಿಯಿಂದ ಹೊರಗಿಟ್ಟ. ಮುಂದಿನ ಸರದಿಯಲ್ಲಿ ಸಾರ್ಸರರ್ ತನ್ನ ಆರು ಪಾಯಿಂಟ್‌ಗಳಲ್ಲಿ ಒಂದನ್ನು ಖರ್ಚುಮಾಡಿ, ಕೇರ್‌ಫುಲ್ ಸ್ಪೆಲ್ ಎಂಬ ಮೆಟಾಮ್ಯಾಜಿಕ್ (ಮಂತ್ರವನ್ನು ಬೇಕಾದಂತೆ ತಿದ್ದುವ ವಿದ್ಯೆ) ಮೂಲಕ ಅದನ್ನೇ ಮಾಡಿದ. ಬೆಂಕಿ ಅದೇ, ದಾಳ ಅವೇ, ಸುಡದೆ ಉಳಿದ ಗೆಳೆಯರೂ ಅವರೇ. ಸಾರ್ಸರರ್ ಆಡುತ್ತಿದ್ದವನು ತನ್ನ ಹಾಳೆಯನ್ನು ಒಮ್ಮೆ, ಪಕ್ಕದವನ ಹಾಳೆಯನ್ನು ಒಮ್ಮೆ ನೋಡಿ ಸುಮ್ಮನಾದ.

ಸಂಪಾದಕರಿಗೆ ಇದು ಗೊತ್ತಿಲ್ಲದ ವಿಷಯವಲ್ಲ. 2014ರಲ್ಲಿ ಇಪ್ಪತ್ತನೆಯ ಹಂತದ ಸಾರ್ಸರರ್‌ಗೆ 15 ಮಂತ್ರಗಳಷ್ಟೇ ತಿಳಿದಿರುತ್ತಿದ್ದವು, ಈಗ 22. ಮೊದಲ ಹಂತದಲ್ಲೇ ಇನೇಟ್ ಸಾರ್ಸರಿ ಎಂಬ ಆವೇಶವಿದೆ, ಒಂದು ನಿಮಿಷ ಅವನ ಮಂತ್ರಗಳು ಹೆಚ್ಚು ಹರಿತವಾಗುತ್ತವೆ. ಆಡಲು ಇದು ಖುಷಿಯೇ. ಆದರೆ ಮಂತ್ರಗಳ ಸಂಖ್ಯೆ ಹೆಚ್ಚಿದಷ್ಟೂ ಅವನು ವಿಝರ್ಡ್‌ಗೆ ಹತ್ತಿರವಾಗಿದ್ದಾನೆಯೇ ಹೊರತು ದೂರವಾಗಿಲ್ಲ. ಬಡವನಾಗಿದ್ದಾಗಲಾದರೂ ಅವನಿಗೊಂದು ಸ್ವಂತ ಮುಖವಿತ್ತು ಎಂದು ನನಗೆ ಅನಿಸುತ್ತದೆ.

ವಾರ್ಲಾಕ್‌ನ ಮಾತು ಬೇರೆ. ವಿಝರ್ಡ್‌ಗೆ ಆ ಹಂತದಲ್ಲಿ ಚಿಕ್ಕದು ದೊಡ್ಡದು ಸೇರಿ ಹತ್ತು ಸ್ಲಾಟ್‌ಗಳಿದ್ದು (ಒಂದು ಸ್ಲಾಟ್ ಎಂದರೆ ಒಂದು ಸಲ ಮಂತ್ರ ಹೇಳುವ ಅವಕಾಶ), ಅವು ಬಹುಮಟ್ಟಿಗೆ ರಾತ್ರಿಯ ನಿದ್ದೆಯ ಬಳಿಕವೇ ಮರಳುತ್ತವೆ. ವಾರ್ಲಾಕ್‌ಗೆ ಇರುವುದು ಎರಡೇ, ಆದರೆ ಎರಡೂ ಅವನಿಗೆ ಸಾಧ್ಯವಿರುವ ಅತಿ ದೊಡ್ಡ ದರ್ಜೆಯವು, ಮತ್ತು ಒಂದು ಗಂಟೆ ಕುಳಿತು ದಣಿವಾರಿಸಿಕೊಂಡರೆ ಎರಡೂ ಹಿಂದಕ್ಕೆ ಬರುತ್ತವೆ. ಹೀಗಾಗಿ ಅವನ ಇಡೀ ನಡೆ ಬದಲಾಗುತ್ತದೆ. ಸುರಂಗದಲ್ಲಿ ಅವನು ಒಂದು ಬೆಂಕಿಯುಂಡೆ ಎಸೆದು, ಎರಡನೆಯದನ್ನು ಕೈಯಲ್ಲೇ ಹಿಡಿದುಕೊಂಡು, ಉಳಿದ ಹೊತ್ತೆಲ್ಲ ಸ್ಲಾಟ್ ಖರ್ಚಿಲ್ಲದ ಎಲ್‌ಡ್ರಿಚ್ ಬ್ಲಾಸ್ಟ್ ಎಂಬ ಮಂತ್ರದಲ್ಲಿಯೇ ಕಳೆದ. ಕಾಳಗ ಮುಗಿದದ್ದೇ ತಡ, "ಒಂದು ಗಂಟೆ ಕೂದಿಕ್ಕಿ ಹೋಪ ಭಾವಾ" ಎಂದ. ಕೋಣೆಗೆ ನೀರು ಏರುತ್ತಿದೆ, ಕೂರಲು ಹೊತ್ತಿಲ್ಲವೆಂದು ವಿಝರ್ಡ್ ವಾದಿಸಿದ. ಇಪ್ಪತ್ತು ನಿಮಿಷ ನಡೆದ ಆ ಚರ್ಚೆ ಒಳ್ಳೆಯ ಸಂವಾದದಷ್ಟೇ ಸೊಗಸಾಗಿತ್ತು, ಮತ್ತು ಅದರಲ್ಲಿ ಯಾರು ಯಾರೆಂದು ಕಣ್ಣುಮುಚ್ಚಿಯೂ ಹೇಳಬಹುದಿತ್ತು. ಶಕ್ತಿ ಎಲ್ಲಿಂದ ಬಂತೆಂಬ ಪುರಾಣಕ್ಕಿಂತ ಅದು ಹೇಗೆ ಮುಗಿಯುತ್ತದೆ, ಯಾವಾಗ ಮರಳುತ್ತದೆ ಎಂಬ ಲೆಕ್ಕವೇ ಪಾತ್ರವನ್ನು ಮಾಡುತ್ತದೆಯೆಂಬುದಕ್ಕೆ ಈ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಪುರಾಣದ ಕಡೆಯಲ್ಲಿಯೇ ಪುಸ್ತಕ ಎಡವಿದೆ. ಎಲ್ಲ ಕ್ಲಾಸ್‌ಗಳಿಗೂ ಕವಲು ಮೂರನೆಯ ಹಂತದಲ್ಲಿ ಎಂದು ಸಮ ಮಾಡಿದ್ದಾರೆ. ಅಚ್ಚುಕಟ್ಟೇನೋ ಹೌದು, ಆದರೆ ವಾರ್ಲಾಕ್ ಎಂದರೆ ಯಾವುದೋ ಮಹಾಶಕ್ತಿಯೊಡನೆ ಕರಾರು ಮಾಡಿಕೊಂಡವನು, ಆ ಕರಾರು ಯಾರೊಡನೆ ಎಂಬುದನ್ನು ನಿಯಮ ಮೊದಲ ಎರಡು ಹಂತಗಳಲ್ಲಿ ಕೇಳುವುದೇ ಇಲ್ಲ. ಸಾಲಪತ್ರಕ್ಕೆ ರುಜು ಹಾಕಿ, ಕೊಟ್ಟವರ ಹೆಸರನ್ನು ಆಮೇಲೆ ಬರೆಯೋಣವೆಂದಂತಾಯಿತು. (ಇದನ್ನು ವಿವರಿಸುವಾಗ ಒಬ್ಬರು ದೈವಪಾತ್ರಿಯ ಹೋಲಿಕೆ ತೆಗೆದರು. ಒಳಗಿನಿಂದ ಅತ್ತೆ, "ಅದನ್ನೆಲ್ಲ ಇದಕ್ಕೆ ತರಬೇಡಿ" ಎಂದರು. ಅತ್ತೆಯ ಮಾತು ಸರಿಯಾದದ್ದೇ, ಪಾತ್ರಿಯದು ವ್ಯಾಪಾರವಲ್ಲ.)

ವಿಝರ್ಡ್‌ನ ಹಿರಿಮೆ ಬೆಂಕಿಯಲ್ಲಿಲ್ಲ, ಪುಸ್ತಕದಲ್ಲಿದೆ. ಆರು ಮಂತ್ರಗಳಿಂದ ಮೊದಲಾಗುವ ಅವನ ಹೊತ್ತಗೆಗೆ ಹಂತವೇರಿದಂತೆ ಎರಡೆರಡು ಸೇರುತ್ತವೆ. ದಾರಿಯಲ್ಲಿ ಸಿಕ್ಕ ಮಂತ್ರವನ್ನು ನಕಲು ಮಾಡಿಕೊಳ್ಳಲು ದರ್ಜೆಗೆ ಎರಡು ಗಂಟೆ ಮತ್ತು 50 ಚಿನ್ನದ ನಾಣ್ಯ ಬೇಕು. ನಮ್ಮ ವಿಝರ್ಡ್ ನಿಜವಾಗಿಯೂ ಒಂದು ಹಳೆಯ ಲೆಕ್ಕದ ಪುಸ್ತಕ ಇಟ್ಟುಕೊಂಡಿದ್ದಾನೆ, ಒಂದು ಬದಿಯಲ್ಲಿ ಅಡಿಕೆಯ ತೂಕ, ಇನ್ನೊಂದು ಬದಿಯಲ್ಲಿ ಮಂತ್ರಗಳು. ಸತ್ತ ಎದುರಾಳಿಯ ಬೊಕ್ಕಸಕ್ಕಿಂತ ಮೊದಲು ಅವನ ಗ್ರಂಥವನ್ನು ಹುಡುಕುವವನು ತಂಡದಲ್ಲಿ ಇವನೊಬ್ಬನೇ.

ಕ್ಲೆರಿಕ್ ಮತ್ತು ಡ್ರೂಯಿಡ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪ್ರಾಣಿಯಾಗಿ ರೂಪ ಬದಲಿಸುವ ಡ್ರೂಯಿಡ್‌ನನ್ನು ಬೇರೆ ಯಾರೆಂದೂ ತಪ್ಪು ತಿಳಿಯುವುದು ಸಾಧ್ಯವಿಲ್ಲ. ಹಾಡುಗಾರ ಮಂತ್ರವಾದಿಯಾದ ಬಾರ್ಡ್ ಮಾತ್ರ ಹತ್ತನೆಯ ಹಂತದಿಂದ ಕ್ಲೆರಿಕ್, ಡ್ರೂಯಿಡ್, ವಿಝರ್ಡ್ ಮೂವರ ಪಟ್ಟಿಯಿಂದಲೂ ಮಂತ್ರ ಆಯ್ದುಕೊಳ್ಳಬಹುದೆಂಬುದು ಅತಿ ಉದಾರವಾಯಿತು. ಎಲ್ಲರ ಪದ್ಯ ಹಾಡುವವನಿಗೆ ತನ್ನದೆಂಬ ಪದ್ಯ ಬೇಡವೇ?

ಕೊಳ್ಳುವವರಿಗೆ ಒಂದು ಮಾತು. ಇದೇ ನಿಯಮಗಳ ಸಾರವನ್ನು 2025ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಬಿಟ್ಟಿದ್ದಾರೆ, ಒಂದೊಂದು ಕ್ಲಾಸ್‌ಗೆ ಒಂದೊಂದು ಕವಲಿನ ಸಮೇತ. ಇಂಗ್ಲಿಷಿನಲ್ಲಿ ಓದಬಲ್ಲ ತಂಡ ಮೊದಲು ಅದರಲ್ಲಿ ನಾಲ್ಕು ವಾರ ಆಡಿ, ಆಮೇಲೆ ಮೇಜಿಗೊಂದು ಪ್ರತಿ ತರಿಸಿದರೆ ಸಾಕು. ಸಾರ್ಸರರ್ ಆಡಬಯಸುವವರು ವಿಝರ್ಡ್ ಇರುವ ತಂಡದಲ್ಲಿ ಫೈರ್‌ಬಾಲ್ ಆಯ್ದುಕೊಳ್ಳದಿರುವುದು ಒಳ್ಳೆಯದು. ನಮ್ಮವನು ಅದನ್ನು ಕೈಬಿಟ್ಟು ಮುಂದಿನ ಭಾನುವಾರಕ್ಕೆ ಬೇರೊಂದು ಮಂತ್ರ ಹುಡುಕುತ್ತಿದ್ದಾನೆ, ಪುಸ್ತಕವೂ ಸದ್ಯ ಅವನ ಮನೆಯಲ್ಲೇ ಇದೆ.