ಯುಎಸ್‌ಬಿ ಮೈಕ್ರೋಸ್ಕೋಪ್: ಹಳೆಯ ಬ್ರಿಟಿಷ್ ಪೆನ್ನಿಯ ಅಚ್ಚುಭೇದ ಹಿಡಿಯಲು ಎಷ್ಟು ಉಪಯೋಗ?

ಡಬ್ಬಿಯ ಮೇಲೆ '1000ಎಕ್ಸ್' ಎಂದು ಬರೆದಿರುವ ಅಗ್ಗದ ಯುಎಸ್‌ಬಿ ಮೈಕ್ರೋಸ್ಕೋಪಿನ ಬಗ್ಗೆ ಮೊದಲೇ ಹೇಳಿಬಿಡಬೇಕಾದ ಮಾತು: 1860ರಿಂದ ಬಂದ ಕಂಚಿನ ಪೆನ್ನಿಗಳ ಅಚ್ಚುಭೇದ, ಅಂದರೆ ಒಂದೇ ಇಸವಿಯ ನಾಣ್ಯಗಳಲ್ಲಿ ಬೇರೆ ಬೇರೆ ಅಚ್ಚಿನಿಂದ ಬಂದ ಸಣ್ಣ ವ್ಯತ್ಯಾಸ, ಹಿಡಿಯಲು ಆ ಸಾವಿರದಿಂದ ಏನೂ ಆಗಬೇಕಾದ್ದಿಲ್ಲ. 10ರಿಂದ 40 ಪಟ್ಟು ದೊಡ್ಡದಾಗಿ ಕಂಡರೆ ಸಾಕು. ಅದಕ್ಕೂ ಹೆಚ್ಚಿಸಿದರೆ ಕಾಣುವುದು ಗೀರು, ಕೊಳೆ ಮಾತ್ರ.

ದೊಡ್ಡ ದೋಷ ಬೆಳಕಿನದು. ಲೆನ್ಸಿನ ಸುತ್ತಲಿನ ಎಲ್‌ಇಡಿಗಳು ನೆತ್ತಿಯ ಮೇಲಿಂದ ಬೆಳಗುವುದರಿಂದ ಉಬ್ಬುಗಳಿಗೆ ನೆರಳೇ ಬೀಳುವುದಿಲ್ಲ. 1902ರ 'ಲೋ ಟೈಡ್' (ಸಮುದ್ರದ ಇಳಿತ) ಪೆನ್ನಿಯನ್ನೇ ನೋಡಿ. ಮಾಮೂಲಿ ನಾಣ್ಯದಲ್ಲಿ ಸಮುದ್ರದ ಗೆರೆ, ಹಿಂಬದಿಯಲ್ಲಿ ತ್ರಿಶೂಲ ಹಿಡಿದು ಕೂತ ಬ್ರಿಟಾನಿಯಾಳ (ಬ್ರಿಟನ್ನಿನ ಸಂಕೇತವಾದ ಸ್ತ್ರೀರೂಪ) ಕಾಲುಗಳು ಒಂದರ ಮೇಲೊಂದು ಹಾಯುವ ಮಟ್ಟದಲ್ಲಿರುತ್ತದೆ, ಇದರಲ್ಲಿ ಅದಕ್ಕಿಂತ ಕೆಳಗೆ, ಉಡುಪಿನ ಅಂಚಿನ ಬಳಿ. ಸವೆದ ನಾಣ್ಯದಲ್ಲಿ ಈ ಗೆರೆ ಎಲ್‌ಇಡಿ ಬೆಳಕಿಗೆ ಮಾಯವೇ ಆಗುತ್ತದೆ. ಕೇಬಲ್ಲಿನಲ್ಲಿರುವ ತಿರುಪಿನಿಂದ ಎಲ್‌ಇಡಿ ಆರಿಸಿ, ಮೇಜಿನ ದೀಪವನ್ನು ಪಕ್ಕಕ್ಕೆ ತಗ್ಗಿಸಿಟ್ಟು, ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತ ಹೋದರೆ ಗೆರೆ ಎದ್ದು ಬರುತ್ತದೆ.

ಅಳತೆಗೆ ಇನ್ನೂ ಎಚ್ಚರ ಬೇಕು. 1895ರ ಅಪರೂಪದ ಪೆನ್ನಿಯಲ್ಲಿ ತ್ರಿಶೂಲಕ್ಕೂ ಪೆನ್ನಿ ಪದದ 'ಪಿ' ಅಕ್ಷರಕ್ಕೂ ನಡುವಿನ ಅಂತರ ಸುಮಾರು 2 ಮಿ.ಮೀ., ಸಾಮಾನ್ಯದ್ದರಲ್ಲಿ 1 ಮಿ.ಮೀ. ಇಂಥ ಉಪಕರಣದಲ್ಲಿ ಫೋಕಸ್ ತಿರುಗಿಸಿದರೆ ಹಿಗ್ಗುವ ಪ್ರಮಾಣವೂ ಬದಲಾಗುತ್ತದೆ. ಆದ್ದರಿಂದ ನಾಣ್ಯಕ್ಕೆ ಫೋಕಸ್ ಮಾಡಿದ ಮೇಲೆ ಫೋಕಸ್ ತಿರುಪು ಮುಟ್ಟದೆ, ಉಕ್ಕಿನ ಸ್ಕೇಲಿನ ಗೆರೆಗಳನ್ನು ನಾಣ್ಯದ ಮೇಲ್ಮೈ ಎತ್ತರಕ್ಕೇ ತಂದು ಒಂದು ಚಿತ್ರ ತೆಗೆದು, ಅದರಿಂದಲೇ ಸಾಫ್ಟ್‌ವೇರಿಗೆ ಅಳತೆ ಕಲಿಸಬೇಕು. ಸ್ಟ್ಯಾಂಡಿನ ತೋಳು ಸ್ವಲ್ಪ ಜಗ್ಗಿದರೂ ಚಿತ್ರದ ಒಂದು ಬದಿ ಮಸುಕಾಗಿ, ಅಂತರ ತಪ್ಪಾಗಿ ಬರುತ್ತದೆ. ಅಳೆಯಬೇಕಾದ ಜಾಗವನ್ನು ಚಿತ್ರದ ನಡುವಿಗೇ ತನ್ನಿ, ಅಂಚಿನಲ್ಲಿ ಲೆನ್ಸು ಆಕಾರ ಬಾಗಿಸುತ್ತದೆ.

ಈ ಉಪಕರಣ ಕೊಟ್ಟ ಕಾಸಿಗೆ ಮೋಸ ಮಾಡದ ಕೆಲಸವೂ ಇದೆ: ತಿದ್ದಿದ ನಾಣ್ಯ ಹಿಡಿಯುವುದು. 1882ರ ಬರ್ಮಿಂಗ್‌ಹ್ಯಾಮ್ ಹೀಟನ್ ಟಂಕಸಾಲೆಯ ಪೆನ್ನಿಗಳಲ್ಲಿ ಇಸವಿಯ ಕೆಳಗೆ 'ಎಚ್' ಇರುತ್ತದೆ. ಎಚ್ ಇಲ್ಲದ್ದು ಬಲು ಅಪರೂಪ, ಹಾಗಾಗಿ ಅಕ್ಷರವನ್ನು ಕೆರೆದು ಮಾರುವವರುಂಟು. 30-40 ಪಟ್ಟಿನಲ್ಲಿ, ಓರೆ ಬೆಳಕಿನಲ್ಲಿ ಆ ಜಾಗದ ಸಮಾನಾಂತರ ಗೀರು, ತಗ್ಗು, ಸುತ್ತಲಿಗಿಂತ ಬೇರೆಯಾದ ಬಣ್ಣ ಬಯಲಾಗುತ್ತವೆ. ಅಚ್ಚಿನ ಕುಳಿಯಲ್ಲಿ ಕಸ ತುಂಬಿ ಎಚ್ ಮಸುಕಾಗಿದ್ದರೆ ಗೀರು ಕಾಣದು, ಅಕ್ಷರದ ಕಾಲುಗಳ ಕುರುಹು ಎಲ್ಲಾದರೂ ಉಳಿದಿರುತ್ತದೆ. ಅದೂ ಅಪರೂಪದ್ದಲ್ಲ. ಇಸವಿಯ ಅಂಕಿ ಜೋಡಿಯಾಗಿ ಕಂಡಾಗಲೂ ಇದೇ ಶಿಸ್ತು ಬೇಕು: ಎರಡನೆಯ ರೂಪ ಮೆಟ್ಟಿಲಿನಂತೆ ಚಪ್ಪಟೆಯಾಗಿದ್ದರೆ ಅದು ಒತ್ತುವಾಗ ಅಚ್ಚು ಅಲುಗಿದ್ದರ ಫಲ, ಅಚ್ಚುಭೇದವಲ್ಲ.

1926ರ ಬದಲಾದ ಮುಖಚಿತ್ರದ ಪೆನ್ನಿಗಂತೂ ಇದು ಬೇಡವೇ ಬೇಡ. ರಾಜನ ಕುತ್ತಿಗೆಯ ಕಡಿತದ ಮೇಲಿನ, ಶಿಲ್ಪಿಯ ಹೆಸರಿನ ಮೊದಲಕ್ಷರಗಳಾದ 'ಬಿ.ಎಂ.' ಅಕ್ಷರಗಳಿಗೆ ಚುಕ್ಕಿಯಿದ್ದರೆ ಹಳೆಯದು, ಚುಕ್ಕಿಯಿಲ್ಲದೆ ಬಲಕ್ಕೆ ಸರಿದಿದ್ದರೆ ಬೆಲೆಬಾಳುವ ಹೊಸದು. 10 ಪಟ್ಟಿನ ಟ್ರಿಪ್ಲೆಟ್ ಲೂಪ್ (ಮೂರು ಮಸೂರ ಜೋಡಿಸಿದ ಕೈಭೂತಗನ್ನಡಿ) ಒಂದೇ ಸಾಕು. ಇರುವ ಹಣಕ್ಕೆ ಒಂದೇ ಕೊಳ್ಳುವುದಾದರೆ ಆ ಲೂಪನ್ನೇ ಕೊಳ್ಳಿ.