ಸೊಸೈಟಿಯೋ, ರೈತ ಉತ್ಪಾದಕ ಕಂಪನಿಯೋ? ಷೇರು ಎಲ್ಲಿ ಹಾಕಬೇಕು?

ಲಿಂಗಸುಗೂರು, ಕುಷ್ಟಗಿ ಕಡೆ ಮಳೆ ನಂಬಿ ತೊಗರಿ, ಸಜ್ಜೆ ಬೆಳೆಯುವವರಿಗೆ ಈ ಹೋಲಿಕೆ.

ಸಾಲ ಬೇಕೆಂದರೆ ಸೊಸೈಟಿ (ಕೃಷಿ ಸಾಲ ಕೊಡುವ ಸಹಕಾರ ಸಂಘ), ಜಾಸ್ತಿ ಯೋಚನೆ ಬೇಡ. ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಎಲ್ಲರಿಗೂ ಅಷ್ಟು ಸಿಗುವುದಿಲ್ಲ. ಜಮೀನು, ಬೆಳೆ ನೋಡಿ ಕೊಡುತ್ತಾರೆ. ಗಡುವು ತಪ್ಪಿದರೆ ಬಡ್ಡಿ ಬೀಳುತ್ತದೆ.

ರೈತ ಉತ್ಪಾದಕ ಕಂಪನಿ ಅಂದರೆ ರೈತರೇ ಷೇರುದಾರರಾಗಿರುವ ಕಂಪನಿ. ಅದರ ಬಲ ಮಾರಾಟದಲ್ಲಿ. ಹತ್ತಾರು ಊರಿನ ತೊಗರಿ ಒಂದೆಡೆ ಸೇರಿದರೆ ಹಸನು ಮಾಡಿ, ಗ್ರೇಡ್ ಮಾಡಿ, ನೇರ ಬೇಳೆ ಮಿಲ್ಲಿಗೆ ಕೊಡಬಹುದು. ಬೀಜ, ಗೊಬ್ಬರವನ್ನೂ ಸಗಟಾಗಿ ತರಬಹುದು. ಕೇಂದ್ರದ 2020ರ ಯೋಜನೆಯಡಿ ಬಯಲು ಪ್ರದೇಶದಲ್ಲಿ ಕನಿಷ್ಠ 300 ಸದಸ್ಯರು ಬೇಕು. ಸದಸ್ಯರ ಷೇರಿಗೆ ಸರಿಸಮನಾಗಿ ತಲಾ 2,000 ರೂಪಾಯಿವರೆಗೆ ಅನುದಾನವಿದೆ. ಆದರೆ ನಿರ್ವಹಣೆಗೆ ಕೊಡುವ ನೆರವು 3 ವರ್ಷಕ್ಕೆ ನಿಲ್ಲುತ್ತದೆ. ಅಸಲಿ ಪರೀಕ್ಷೆ ಶುರುವಾಗುವುದೇ ಆಮೇಲೆ. ಹಾಗಾಗಿ ಷೇರು ಹಾಕುವ ಮುಂಚೆ ಕೇಳಿ: ಹೋದ ಸುಗ್ಗಿಯಲ್ಲಿ ಎಷ್ಟು ಕ್ವಿಂಟಾಲ್ ಮಾರಿದ್ದೀರಿ? ರೈತನ ಕೈಗೆ ದುಡ್ಡು ಎಷ್ಟು ದಿನಕ್ಕೆ ಬಂತು? ಬರೀ ಬೋರ್ಡು ನೇತುಹಾಕಿದ ಕಂಪನಿಗೆ ಸುಮ್ನೆ ಯಾಕೆ ದುಡ್ಡು, ಅಲ್ವಾ?

ಎರಡರಲ್ಲೂ ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ. ಎರಡಕ್ಕೂ ಸೇರಬಹುದು. ನನ್ನ ಕೇಳಿದರೆ ಸೊಸೈಟಿ ಸದಸ್ಯತ್ವ ಬಿಡಬೇಡಿ, ಮಾರಾಟ ನಡೆಸುತ್ತಿರುವ ಕಂಪನಿ ಹತ್ತಿರವಿದ್ದರೆ ಮಾತ್ರ ಅಲ್ಲೂ ಸೇರಿ.

ಸಾವಯವಕ್ಕೆ ಹೊರಳುವ ಆಸೆಯಿದ್ದರೆ ಮೂರನೆಯ ದಾರಿಯೂ ಇದೆ. ಅಕ್ಕಪಕ್ಕದ 5 ರೈತರಾದರೂ ಸೇರಿ ಪಿಜಿಎಸ್ (ರೈತರೇ ಪರಸ್ಪರ ಖಾತ್ರಿ ಕೊಡುವ ಸಾವಯವ ಪ್ರಮಾಣೀಕರಣ) ಗುಂಪು ಕಟ್ಟಬಹುದು. ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ಈ ಪ್ರಮಾಣಪತ್ರ ದೇಶದೊಳಗಿನ ಮಾರಾಟಕ್ಕೆ. ರಫ್ತಿಗೆ ಬೇರೆಯದೇ ಬೇಕು.