ಅಟ್ಟದ ಹಳೇ ಬಾಟಲಿಯನ್ನು ಹರಾಜಿಗೆ ಇಡುವ ಮುಂಚೆ

ತೀರ್ಥಹಳ್ಳಿ ಕಡೆಯ ಮನೆಯೊಂದರ ಅಟ್ಟದಿಂದ ಇಳಿಸಿದ ಗೋಲಿ ಸೋಡಾ ಬಾಟಲಿ. "150 ವರ್ಷ ಹಳೆಯದು, ಅಪರೂಪದ ಆಂಟಿಕ್" ಅಂತ ಬರೆದು ಆನ್‌ಲೈನ್ ಹರಾಜಿಗೆ ಇಟ್ಟರು. 99 ರೂಪಾಯಿಗೆ ಶುರುವಾದ ಬಿಡ್ 1,150ಕ್ಕೆ ನಿಂತಿತು. ಸಾಗಣೆ ಖರ್ಚು 120 ಅಂತ ಮೊದಲೇ ನಮೂದಿಸಿಯಾಗಿತ್ತು, ಕೌಂಟರಿನಲ್ಲಿ ಕೇಳಿದ್ದು 460. ಪುಣೆ ತಲುಪುವಷ್ಟರಲ್ಲಿ ಕುತ್ತಿಗೆ ಬೇರೆ, ಬುಡ ಬೇರೆ. ಬಾಯಿ ಹತ್ತಿರ ಮೊದಲೇ ಚಕ್ಕೆ ಎದ್ದಿತ್ತು, ಬಾಟಲಿ ಅಷ್ಟು ಹಳೆಯದೂ ಅಲ್ಲ ಎಂಬ ದೂರು ಅದರ ಮೇಲೆ. ಪೂರ್ತಿ ಹಣ ವಾಪಸ್ ಹೋಯಿತು, 460 ಕೈಯಿಂದ ಹೋಯಿತು, ಹೊಸ ಖಾತೆಗೆ ಬಿದ್ದ ಮೊದಲ ರೇಟಿಂಗೇ ಒಂದು ಸ್ಟಾರ್. ಇಲ್ಲಿ ಯಾರೂ ಮೋಸ ಮಾಡಿಲ್ಲ. ಎಲ್ಲ ಎಡವಟ್ಟೂ ಬಾಟಲಿ ಮನೆ ಬಿಡುವ ಮುಂಚೆಯೇ ಆಗಿದ್ದು.

ಮೊದಲು ವಯಸ್ಸಿನ ವಿಷಯ. ಗೋಲಿ ಬಾಟಲಿಗೆ ಇಂಗ್ಲೆಂಡಿನ ಹಿರಾಮ್ ಕಾಡ್ ಪೇಟೆಂಟ್ ಪಡೆದದ್ದು 1872ರಲ್ಲಿ. "150 ವರ್ಷ" ಅಂದರೆ ಆ ಬಾಟಲಿ ಹುಟ್ಟಿದ ಮೊದಲ ಕೆಲವೇ ವರ್ಷಗಳ ಮಾಲು ಎಂದು ಹೇಳಿದಂತೆ. ಸಂಗ್ರಹಕಾರರಿಗೆ ಈ ಲೆಕ್ಕ ಬಾಯಿಪಾಠ. ಮೇಲಾಗಿ ಈ ಬಾಟಲಿ ನಮ್ಮ ದೇಶದಲ್ಲಿ ಈಗಲೂ ತಯಾರಾಗುತ್ತಿದೆ. ಧೂಳು, ಮಸಿ ನೋಡಿ ವಯಸ್ಸು ಹೇಳಬೇಡಿ. ನಮ್ಮ ಕಡೆಯ ಅಟ್ಟದಲ್ಲಿ, ಒಲೆಯ ಹೊಗೆಗೆ, ಮೊನ್ನೆ ಇಟ್ಟ ಬಾಟಲಿಯೂ ಎರಡು ಮಳೆಗಾಲಕ್ಕೆ ಮುದುಕಾಗುತ್ತದೆ.

ಔಷಧಿ, ಶಾಯಿ, ಸಾರಾಯಿ ಬಾಟಲಿಗಳಲ್ಲಿ ಅಚ್ಚಿನ ಗೆರೆ ನೋಡಿ. ಪಕ್ಕದಲ್ಲಿ ಮೇಲಕ್ಕೆ ಹೋಗುವ ಸಣ್ಣ ಉಬ್ಬು ಗೆರೆಯ ಮೇಲೆ ಉಗುರು ಎಳೆಯಿರಿ. ಅದು ಬಾಯಿಯ ಅಂಚು ದಾಟಿ ಮೇಲಿನವರೆಗೂ ಹೋಗಿದ್ದರೆ ಯಂತ್ರದ ಬಾಟಲಿ. ಅಮೆರಿಕದಲ್ಲಿ ಓವೆನ್ಸ್ ಎಂಬಾತನ ಬಾಟಲಿ ಮಾಡುವ ಸ್ವಯಂಚಾಲಿತ ಯಂತ್ರ ಬಂದದ್ದೇ 1903ರ ಸುಮಾರಿಗೆ, ಆದ್ದರಿಂದ ಅದಕ್ಕಿಂತ ಹಳೆಯದಾಗುವ ಸಂಭವ ತೀರಾ ಕಡಿಮೆ. ಗೆರೆ ಕುತ್ತಿಗೆಯಲ್ಲೇ ನಿಂತಿದ್ದರೆ ಬಾಯಿಯನ್ನು ಕೈಯಿಂದ ಮಾಡಿರಬಹುದು. ಗೋಲಿ ಬಾಟಲಿಗೆ ಮಾತ್ರ ಈ ಪರೀಕ್ಷೆ ನೆಚ್ಚಬೇಡಿ, ಗೋಲಿ ಒಳಗೆ ಹಾಕಿದ ಮೇಲೆಯೇ ಅದರ ಬಾಯಿ ಮುಗಿಸಬೇಕಲ್ಲ. ಅಲ್ಲಿ ಗಾಜಿನಲ್ಲೇ ಉಬ್ಬಿರುವ ಅಕ್ಷರ, ಊರಿನ ಹೆಸರು, ಬುಡದ ಗುರುತು ಇವೇ ಸಾಕ್ಷಿ. ಏನೂ ಗೊತ್ತಾಗದಿದ್ದರೆ "ಕಾಲ ತಿಳಿದಿಲ್ಲ" ಅಂತ ಬರೆದು ಬುಡದ ಫೋಟೋ ಹಾಕಿ. ತಿಳಿದವರು ಬಿಡ್ ಮಾಡಿಯೇ ಮಾಡುತ್ತಾರೆ.

ಫೋಟೋ ತೆಗೆಯುವಾಗ ಬಾಟಲಿ ಒಣಗಿರಲಿ. ಹಳೇ ಗಾಜಿನ ಮಬ್ಬು ಒದ್ದೆಯಾದರೆ, ಎಣ್ಣೆ ಸವರಿದರೆ ಮಾಯವಾಗುತ್ತದೆ, ಕೊಂಡವರ ಮನೆಯಲ್ಲಿ ಮತ್ತೆ ಕಾಣುತ್ತದೆ. ಬಾಯಿಯ ಸುತ್ತ ಉಗುರು ಆಡಿಸಿ, ತಡೆದ ಕಡೆ ಚಕ್ಕೆ ಎದ್ದಿದೆ ಎಂದರ್ಥ. ಕಿಟಕಿ ಬೆಳಕಿಗೆ ಹಿಡಿದು ನಿಧಾನ ತಿರುಗಿಸಿದರೆ ಕೂದಲೆಳೆಯ ಬಿರುಕು ಮಿಂಚುತ್ತದೆ. ಪ್ರತಿ ಊನಕ್ಕೂ ಒಂದೊಂದು ಫೋಟೋ ಇರಲಿ. ತೊಳೆಯಲು ಬಿಸಿನೀರು ಬೇಡ, ಮರಳು ಹಾಕಿ ಕುಲುಕುವುದಂತೂ ಬೇಡವೇ ಬೇಡ, ಒಳಗೆ ಗೀರು ಬಿದ್ದರೆ ಹೋಗುವುದಿಲ್ಲ.

ಇನ್ನು 460ರ ಗುಟ್ಟು. ಬಹುತೇಕ ಕೊರಿಯರಿನವರು ತಕ್ಕಡಿಯ ತೂಕ, ಡಬ್ಬದ ಗಾತ್ರದ ತೂಕ ಎರಡನ್ನೂ ನೋಡಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಲೆಕ್ಕ. 40, 25, 25 ಅಳತೆಯ ಡಬ್ಬ ತಕ್ಕಡಿಯಲ್ಲಿ ಒಂದೂವರೆ ಕಿಲೋ ಇದ್ದರೂ ಲೆಕ್ಕದಲ್ಲಿ 5 ಕಿಲೋ. ಹಾಗಾಗಿ ಪ್ಯಾಕ್ ಮಾಡಿ, ಟೇಪಿನಲ್ಲಿ ಅಳೆದು, ಕೌಂಟರಿನಲ್ಲಿ ವಿಚಾರಿಸಿ ಆಮೇಲೆ ಹರಾಜಿಗೆ ಇಡಿ. ಗಾಜಿಗೆ ವಿಮೆ ಇದೆಯೋ ಇಲ್ಲವೋ ಅಲ್ಲೇ ಕೇಳಿ, ಅನೇಕ ಕಡೆ ಇರುವುದಿಲ್ಲ.

ಗೋಲಿ ಬಾಟಲಿ ಒಡೆಯುವುದಕ್ಕೆ ಒಳಗಿನ ಶತ್ರುವೂ ಇದೆ. ಲಾರಿ ಕುಲುಕಿದಾಗಲೆಲ್ಲ ಗೋಲಿ ಒಳಗಿನಿಂದ ಕುತ್ತಿಗೆಗೆ ಬಡಿಯುತ್ತದೆ. ತೆಳು ಕಾಗದ ಹೊಸೆದು ಬಾಯಿಯಿಂದ ಒಳಗೆ ತುರುಕಿ ಗೋಲಿ ಅಲುಗದಂತೆ ಮಾಡಿ, ಕಾಗದದ ತುದಿ ಹೊರಗೆ ಇರಲಿ. ನಂತರ ಬಾಟಲಿಗೆ ಬಬಲ್ ರ‍್ಯಾಪ್ ಮೂರು ಸುತ್ತು, ಕುತ್ತಿಗೆಗೆ ಇನ್ನೆರಡು. ಅದು ಸಣ್ಣ ಡಬ್ಬಕ್ಕೆ, ಆ ಡಬ್ಬ ದೊಡ್ಡ ಡಬ್ಬಕ್ಕೆ, ನಡುವೆ ಆರೂ ಕಡೆ 5 ಸೆಂಟಿಮೀಟರ್ ಕಾಗದದ ಉಂಡೆ ಒತ್ತಿ. ಅಲುಗಾಡಿಸಿದರೆ ಸದ್ದು ಬರಬಾರದು. ಹುಲ್ಲು, ಅಡಿಕೆ ಸಿಪ್ಪೆ ಪುಕ್ಕಟೆ ಸಿಗುತ್ತದೆ ಅಂತ ತುಂಬಬೇಡಿ, ಒತ್ತಡಕ್ಕೆ ಕುಸಿದು ಜಾಗ ಬಿಡುತ್ತವೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಕಳಿಸುವುದಾದರೆ ಹೊರಡಬ್ಬದ ಒಳಗೆ ಪ್ಲಾಸ್ಟಿಕ್ ಹಾಳೆ ಇರಲೇಬೇಕು. ನಮ್ಮ ಮಳೆಗೆ ನೆಂದ ರಟ್ಟು ಶಿವಮೊಗ್ಗ ದಾಟುವ ಮುಂಚೆಯೇ ಹಪ್ಪಳ. ಪ್ಯಾಕ್ ಮಾಡಿದ್ದನ್ನು ಒಂದೇ ಓಟದಲ್ಲಿ ವೀಡಿಯೊ ಮಾಡಿಟ್ಟುಕೊಳ್ಳಿ.

ಆರಂಭದ ಬೆಲೆ 99 ಹಾಕುವುದು ಜೂಜು. ಒಬ್ಬನೇ ಬಿಡ್ ಮಾಡಿದರೂ ನೀವು ಕೊಡಲೇಬೇಕು, ನಿಮಗೆ ಒಪ್ಪುವ ಕನಿಷ್ಠ ಬೆಲೆಯಿಂದಲೇ ಶುರುಮಾಡಿ. ಗೆದ್ದವರು "ಹಣ ಪಡೆಯಲು ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ" ಎಂದರೆ ಅಲ್ಲಿಗೇ ನಿಲ್ಲಿಸಿ. ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ಒತ್ತಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ವಿದೇಶದಿಂದ ಬಿಡ್ ಬಂದರೆ ಕುಣಿಯಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ಅಂಥವನ್ನು ಮಾರುವ ವ್ಯಾಪಾರಕ್ಕೂ ಪರವಾನಗಿ ಬೇಕು. ಕಸ್ಟಮ್ಸ್‌ನವರು ತಡೆದರೆ, ಇದು ಪುರಾತನ ವಸ್ತು ಅಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಇಲಾಖೆಯಿಂದ ತರಬೇಕಾಗುತ್ತದೆ. ಬಿಡ್ ಏರಲಿ ಅಂತ ನೀವೇ ಬರೆದ "150 ವರ್ಷ" ಆಗ ಅವರ ಕೈಯಲ್ಲಿರುತ್ತದೆ.